ಕಾಫಿ ಕಣದಲ್ಲೊಂದು ಸುಣ್ಣದ ಗೂಡು: ಕಟ್ಟಿದ್ದು, ಕೆಟ್ಟಿದ್ದು, ಕೊನೆಗೆ ಸುಟ್ಟಿದ್ದು

ಡೀಸೆಲ್ ಡ್ರಮ್ಮಿನಲ್ಲಿ ಕಟ್ಟಿದ ಸುಣ್ಣದ ಗೂಡು ಈಗ ನೆಟ್ಟಗೆ ಕೆಲಸ ಮಾಡುತ್ತಿದೆ. ಒಂದು ಸಲಕ್ಕೆ 6 ಕೆಜಿ ಕಪ್ಪೆಚಿಪ್ಪು ಹಾಕಿದರೆ 3.3 ಕೆಜಿ ಆಸುಪಾಸು ಸುಟ್ಟ ಸುಣ್ಣ ಸಿಗುತ್ತದೆ. ಮೂಡಿಗೆರೆ ಕಡೆ ನಮ್ಮದು ಕಾಫಿ, ನಡುವೆ ಒಂದಿಷ್ಟು ಅಡಿಕೆ. ಎರಡಕ್ಕೂ ಬೋರ್ಡೋ (ಮೈಲುತುತ್ತ, ಸುಣ್ಣ ನೀರಲ್ಲಿ ಕಲಸಿ ರೋಗಕ್ಕೆ ಹೊಡೆಯುವ ದ್ರಾವಣ) ಬೇಕು, ಬೋರ್ಡೋಗೆ ಒಳ್ಳೆ ಸುಣ್ಣ ಬೇಕು. ಅದಕ್ಕಾಗಿ ಹುಟ್ಟಿದ ಕೆಲಸ ಇದು.

ಗೊತ್ತಿಲ್ಲದವರಿಗೆ ಒಂದು ಮಾತು. ಕಾಫಿಯ ಎಲೆ ತುಕ್ಕು ರೋಗಕ್ಕೆ ಅರ್ಧ ಪರ್ಸೆಂಟ್ ಬೋರ್ಡೋ, ಅಂದರೆ 200 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಅಡಿಕೆಯ ಕೊಳೆ ರೋಗಕ್ಕೆ ಒಂದು ಪರ್ಸೆಂಟ್, ಅಂದರೆ ಅಷ್ಟೇ ಸಾಮಾನು 100 ಲೀಟರಿಗೆ. ಸುಣ್ಣ ಚೆನ್ನಾಗಿಲ್ಲದಿದ್ದರೆ ತಾಮ್ರ ಬಿಡಿಯಾಗಿ ಉಳಿದು ಎಲೆ ಸುಡುತ್ತದೆ. ಕಬ್ಬಿಣದ ಚಾಕು ಒಂದೆರಡು ನಿಮಿಷ ಅದ್ದಿದರೆ ಸಾಕು, ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ.

ಹೋದ ವರ್ಷ ಅಂಗಡಿಯಿಂದ ತಂದ ಚೀಲದ ಸುಣ್ಣ ಎಷ್ಟು ಹಾಕಿದರೂ ಚಾಕು ಕೆಂಪಾಗುತ್ತಲೇ ಇತ್ತು. ಮೇಲೆ ಮೇಲೆ ಸುರಿದದ್ದಕ್ಕೆ ನಾಝಲ್ ಕಟ್ಟಿಕೊಂಡಿತು. ಒಂದು ಚಮಚ ಪುಡಿಗೆ ಬಾತ್‌ರೂಮ್ ತೊಳೆಯುವ ಆ್ಯಸಿಡ್ ನಾಲ್ಕು ಹನಿ ಬಿಟ್ಟರೆ ಬುಸ್ಸೆಂದು ನೊರೆ ಬಂತು. ಒಳ್ಳೆ ಸುಣ್ಣ ಆ್ಯಸಿಡ್‌ನಲ್ಲಿ ಬಿಸಿಯಾಗಿ ಕರಗುತ್ತದೆ, ನೊರೆ ಹೆಚ್ಚು ಬರುವುದಿಲ್ಲ. ನೊರೆ ಬಂತು ಅಂದರೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಕುಡಿದು ವಾಪಸ್ ಕಲ್ಲಾಗಿದೆ. ನಮ್ಮ ಮಳೆಗಾಲದ ತೇವದಲ್ಲಿ ಬಾಯಿ ಬಿಚ್ಚಿದ ಚೀಲ ಇನ್ನೇನಾಗುತ್ತದೆ ಹೇಳಿ.

1. ಫೆಬ್ರವರಿ ಕೊನೆ: ಯಾವ ಕಲ್ಲು?

ಬಿಳಿ ಇದ್ದದ್ದೆಲ್ಲ ಸುಣ್ಣದ ಕಲ್ಲಲ್ಲ. ತೋಟದ ಅಂಚಿನಲ್ಲಿ ಬೇಕಾದಷ್ಟು ಬಿಳಿ ಕಲ್ಲಿದೆ, ಅದನ್ನೇ ಸುಟ್ಟರಾಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಸುಡದ ಸುಣ್ಣದ ಕಲ್ಲಾದರೆ ಆ್ಯಸಿಡ್‌ಗೆ ನೊರೆ ಬರಬೇಕು, ಇದು ಸುಮ್ನೆ ಕೂತಿತು. ಅದು ಬೆಣಚುಕಲ್ಲು. ಎಷ್ಟು ಕಾಯಿಸಿದರೂ ಸುಣ್ಣ ಆಗುವುದಿಲ್ಲ, 570 ಡಿಗ್ರಿ ದಾಟುವಾಗ ಒಳಗೇ ಹಿಗ್ಗಿ ಬಿರುಕು ಬಿಡುತ್ತದೆ ಅಷ್ಟೆ. ಒಂದು ತುಂಡು ಒಲೆಗೆ ಹಾಕಿದ್ದು ಪಟಾರ್ ಎಂದು ಸಿಡಿಯಿತು. ಕನ್ನಡಕ ಇಲ್ಲದೆ ಇಂಥ ಆಟ ಆಡಬೇಡಿ.

ಸಿಕ್ಕಿದ್ದು ಎರಡು ಸಾಮಾನು. ಒಂದು, ಚಿಕ್ಕಮಗಳೂರಿನಲ್ಲಿ ಮಾರ್ಬಲ್ ಕತ್ತರಿಸುವ ಜಾಗದ ಚೂರು, ದುಡ್ಡು ಕೇಳಲಿಲ್ಲ. ಇನ್ನೊಂದು, ಚಾರ್ಮಾಡಿ ಘಾಟಿ ಕೆಳಗಿನ ನೆಂಟರು ಮೀನಿನ ಗಾಡಿಯವರ ಕೈಲಿ ಕಳಿಸಿದ ಎರಡು ಗೋಣಿ ಕಪ್ಪೆಚಿಪ್ಪು. ಎಲೆ ಅಡಿಕೆಗೆ ಚಿಪ್ಪಿನ ಸುಣ್ಣವೇ ಆಗಬೇಕು ಎನ್ನುವ ಹಿರಿಯರು ಇನ್ನೂ ಇದ್ದಾರಲ್ಲ, ಅದೇ ಚಿಪ್ಪು. ನನ್ನದು ತೋಟಕ್ಕೆ ಮಾತ್ರ, ಬಾಯಿಗಲ್ಲ.

ಚಿಪ್ಪು ಆ್ಯಸಿಡ್‌ಗೆ ಜೋರಾಗಿ ನೊರೆ ಕೊಟ್ಟಿತು. ಮಾರ್ಬಲ್‌ನಲ್ಲಿ ಕೆಲವು ಚೂರು ಜೋರು, ಕೆಲವು ಮಂಕು. ಮಂಕಾದವುಗಳನ್ನು ಬೇರೆ ಬಕೆಟ್‌ಗೆ ಹಾಕಿದೆ, ಅದರ ಕತೆ ಮುಂದೆ ಬರುತ್ತದೆ.

2. ಮಾರ್ಚ್ ಮೊದಲು: ಗ್ಯಾಸ್ ಒಲೆಯ ಮೇಲೆ

ಗೂಡು ಕಟ್ಟುವ ಮೊದಲು ತಕ್ಕಡಿ ಕಲಿಯೋಣ ಎಂದುಕೊಂಡೆ. ಈ ಕೆಲಸದಲ್ಲಿ ಕಣ್ಣಿಗೆ ಕಾಣುವುದು ಬಹಳ ಕಮ್ಮಿ. ಸುಟ್ಟ ಚಿಪ್ಪೂ ಸುಡದ ಚಿಪ್ಪೂ ಎರಡೂ ಬಿಳಿ. ಚಿಪ್ಪು, ಮಾರ್ಬಲ್ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್, ಸುಟ್ಟಾಗ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಹೊರಟುಹೋಗಿ ಉಳಿಯುವುದೇ ಸುಣ್ಣ. ಆ ಗ್ಯಾಸ್ ಎಷ್ಟು ಹೋಯಿತು ಎನ್ನುವುದನ್ನು ತೂಕ ಮಾತ್ರ ಹೇಳುತ್ತದೆ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ 450 ರೂಪಾಯಿ.

ಹತ್ತನೇ ಕ್ಲಾಸಿನ ನನ್ನ ಅಕ್ಕನ ಮಗನೂ ಜೊತೆಗೆ ಸೇರಿಕೊಂಡ. ಮೊದಲು ಅಡುಗೆ ಸೋಡಾ. ಅದು ಬೈಕಾರ್ಬೊನೇಟ್, ಬಹಳ ಬೇಗ ಸೋಲುತ್ತದೆ. ಹಳೆಯ ಕಬ್ಬಿಣದ ಬಾಣಲೆಯಲ್ಲಿ 50 ಗ್ರಾಂ ಹುರಿದಾಗ 31.8 ಗ್ರಾಂ ಉಳಿಯಿತು. ಲೆಕ್ಕದ ಪ್ರಕಾರ 31.5 ಇರಬೇಕು. ಉಳಿದದ್ದು ವಾಷಿಂಗ್ ಸೋಡಾ. ಇನ್ನೂ ಕಾಯಿಸಿದರೆ ಅದೂ ಒಡೆಯುತ್ತಾ ಮಾವ ಅಂತ ಕೇಳಿದ. ಇಲ್ಲ ಕಣೋ, ಸೋಡಿಯಂ ಕಾರ್ಬೊನೇಟ್ ಗಟ್ಟಿಪಿಂಡ, 850 ಡಿಗ್ರಿಗೆ ಕರಗಿ ನೀರಾಗುತ್ತದೆಯೇ ಹೊರತು ನಮ್ಮ ಬೆಂಕಿಗೆಲ್ಲ ಗ್ಯಾಸ್ ಬಿಡುವುದಿಲ್ಲ.

ಆಮೇಲೆ ತಾಮ್ರ. ಮೈಲುತುತ್ತದ ನೀರಿಗೆ ವಾಷಿಂಗ್ ಸೋಡಾ ನೀರು ಹಾಕಿದರೆ ನೀಲಿ ಹಸಿರು ಗಸಿ ಕೂರುತ್ತದೆ. ಸುಣ್ಣ ಸಿಗದಾಗ ಬರ್ಗಂಡಿ ದ್ರಾವಣ ಎಂದು ಹೊಡೆಯುವುದು ಇದನ್ನೇ. ಸೋಸಿ, ತೊಳೆದು, ಬಿಸಿಲಲ್ಲಿ ಒಣಗಿಸಿ, ಅದೇ ಬಾಣಲೆಯಲ್ಲಿ ಇಟ್ಟೆವು. ಅಂಚಿನಿಂದ ಶುರುವಾಗಿ ಹಸಿರೆಲ್ಲ ಕಪ್ಪಾಯಿತು. ತಾಮ್ರದ ಕಾರ್ಬೊನೇಟ್‌ಗೆ 300 ಡಿಗ್ರಿ ಒಳಗಿನ ಶಾಖವೇ ಸಾಕು, ಅಡುಗೆಮನೆ ಒಲೆಯಲ್ಲೇ ಆಗುವ ಕೆಲಸ. ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸುವ ಹಾಗಿಲ್ಲ, ಅದನ್ನು ಮೊದಲೇ ಮನೆಯಲ್ಲಿ ಹೇಳಿ ತೆಗೆದುಕೊಳ್ಳಿ.

ಆದರೆ ಅದೇ ಒಲೆಯ ಮೇಲೆ ಮಾರ್ಬಲ್ ಚೂರು ಅರ್ಧ ಗಂಟೆ ಇಟ್ಟರೂ ತಕ್ಕಡಿ ಒಂದು ಚೂರೂ ಅಲ್ಲಾಡಲಿಲ್ಲ. ಸೋಡಿಯಂ ಕಾರ್ಬೊನೇಟ್ ಒಡೆಯುವುದೇ ಇಲ್ಲ, ತಾಮ್ರದ್ದು ಬಾಣಲೆಯಲ್ಲೇ ಒಡೆಯುತ್ತದೆ, ಕ್ಯಾಲ್ಸಿಯಂನದು ಇವೆರಡರ ನಡುವೆ ಎಲ್ಲೋ ಮೇಲೆ. ಅದಕ್ಕೇ ಗೂಡು ಬೇಕಾಯಿತು.

3. ಹಂಡೆ ಒಲೆ

ಡ್ರಮ್ಮಿಗೆ ದುಡ್ಡು ಹಾಕುವ ಮೊದಲು ಬಚ್ಚಲ ಹಂಡೆ ಒಲೆಯಲ್ಲಿ ನೋಡಿದೆ. ಮಣ್ಣಿನ ಕುಡಿಕೆಯಲ್ಲಿ 100 ಗ್ರಾಂ ಚಿಪ್ಪು, ಸುತ್ತ ಕಾಫಿ ಬೊಡ್ಡೆಯ ಕೆಂಡ. ಶಾಖ ಅಳೆಯಲು ಕೆ ಟೈಪ್ ಥರ್ಮೋಕಪಲ್, ಮೀಟರ್ ಸೇರಿ 1,150 ರೂಪಾಯಿ. ಮೀಟರ್ 640 ಡಿಗ್ರಿ ತೋರಿಸಿ ಅಲ್ಲಿಗೇ ನಿಂತಿತು. ಚಿಪ್ಪು ಬೂದು ಬಣ್ಣಕ್ಕೆ ತಿರುಗಿತು, ಕೆಟ್ಟ ಮೀನಿನ ವಾಸನೆ ಬಂತು, ತೂಕ 97 ಆಯಿತು. ಆ 3 ಗ್ರಾಂ ಚಿಪ್ಪಿನೊಳಗಿನ ತೇವ ಮತ್ತು ಸುಟ್ಟುಹೋದ ಅಂಟು ಪದಾರ್ಥ ಇರಬೇಕು, ಯಾಕೆಂದರೆ ಸುಣ್ಣ ಆಗಿದ್ದರೆ ನೀರು ಹಾಕಿದಾಗ ಬಿಸಿ ಏಳಬೇಕಿತ್ತು, ಇದು ಸ್ವಲ್ಪವೂ ಬಿಸಿ ಆಗಲಿಲ್ಲ.

ಇಲ್ಲಿಂದ ಒಂದು ಉಪಯೋಗ ಆಯಿತು. ಕೆಂಡದ ಬಣ್ಣಕ್ಕೂ ಮೀಟರಿನ ಅಂಕಿಗೂ ಹೊಂದಿಸಿ ಬರೆದಿಟ್ಟುಕೊಂಡೆ. ಕತ್ತಲಲ್ಲಿ ನೋಡಿದರೆ ಮಂಕು ಕೆಂಪು 650 ಆಸುಪಾಸು, ಹಣ್ಣು ಕೆಂಪು 750ರಿಂದ 800, ಕಿತ್ತಳೆ ಬಂತೆಂದರೆ 900 ದಾಟಿದೆ. ಹಗಲು ಬಿಸಿಲಲ್ಲಿ ಇದು ನಡೆಯುವುದಿಲ್ಲ, ಎಲ್ಲವೂ ಮಂಕಾಗೇ ಕಾಣುತ್ತದೆ. ಹಾಗಾಗಿ ಗೂಡು ಹಚ್ಚುವುದು ಸಂಜೆಗೆ.

4. ಮಾರ್ಚ್ ನಡುವೆ: ಡ್ರಮ್ಮು

200 ಲೀಟರಿನ ಹಳೆ ಡ್ರಮ್ಮು, 900 ರೂಪಾಯಿ. ಒಳಗೆ ಡೀಸೆಲ್ ಇದ್ದ ಡ್ರಮ್ಮಿಗೆ ನೇರವಾಗಿ ಗ್ರೈಂಡರ್ ಹಿಡಿಯಬಾರದು. ಸೋಪಿನ ನೀರಲ್ಲಿ ತೊಳೆದು, ಬಾಯಿವರೆಗೆ ನೀರು ತುಂಬಿಸಿ, ಗೆರೆ ಹಾಕಿದಲ್ಲಿವರೆಗೆ ಮಾತ್ರ ಇಳಿಸಿ ಕತ್ತರಿಸಿದೆವು. ಎತ್ತರ 65 ಸೆಂ.ಮೀ. ಉಳಿಸಿಕೊಂಡೆ.

ಒಳಗೆ ಫೈರ್ ಬ್ರಿಕ್, 9 ಇಂಚು, ನಾಲ್ಕೂವರೆ ಇಂಚು, 3 ಇಂಚಿನವು. ನಿಲ್ಲಿಸಿ ಜೋಡಿಸಿದರೆ ಒಂದು ಸುತ್ತಿಗೆ 11 ಹಿಡಿಯುತ್ತವೆ, ಎರಡು ಸುತ್ತಿಗೆ 22. ಹಾಸನದಿಂದ 25 ತರಿಸಿದೆ, ಒಂದಕ್ಕೆ 65 ರೂಪಾಯಿ. ಒಳಗಿನ ಅಗಲ 40 ಸೆಂ.ಮೀ. ಉಳಿಯಿತು. ಇಟ್ಟಿಗೆಗಳ ಹಿಂದಿನ ಸಂದಿಗೆ ಹುತ್ತದ ಮಣ್ಣು, ಮರಳು, ಭತ್ತದ ಹೊಟ್ಟು ಕಲಸಿ ತುಂಬಿದೆ. ಒಣಗಲು ಬಿಡಲೇಬೇಕು. ಒಣಗುವ ಮೊದಲೇ ಸಣ್ಣ ಬೆಂಕಿ ಹಾಕಿದ್ದಕ್ಕೆ ಒಂದು ಕಡೆ ಮಣ್ಣು ಹಪ್ಪಳದ ಹಾಗೆ ಎದ್ದು ಬಂತು, ಕಿತ್ತು ಮತ್ತೆ ಮೆತ್ತಿದೆ.

ಕೆಳಗೆ ಜಾಲರಿ, ಅದರ ಕೆಳಗೆ ಗಾಳಿ ಬರಲು 2 ಇಂಚಿನ ಜಿಐ ಪೈಪ್, ಪೈಪಿಗೆ 1,400 ರೂಪಾಯಿಯ ಸಣ್ಣ ಎಲೆಕ್ಟ್ರಿಕ್ ಬ್ಲೋವರ್. ಜಾಲರಿ ಮಾಡಿಕೊಟ್ಟವರು ನಮ್ಮೂರ ಕುಲುಮೆಯ ಆಚಾರ್ರು. 8 ಎಂಎಂ ಸರಳು ಸಾಕು ಎಂದು ನಾನೇ ಒತ್ತಾಯ ಮಾಡಿದೆ. ಸಾಲದು.

5. ಮುಚ್ಚಿದ ಡಬ್ಬ

ಇಲ್ಲಿಯೇ ಹೆಚ್ಚು ಹೊತ್ತು ಸಿಕ್ಕಿಹಾಕಿಕೊಂಡಿದ್ದೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಸುಣ್ಣಕ್ಕೆ ಬೂದಿ ಸೇರಬಾರದು, ನಾಝಲ್ ಕಟ್ಟುತ್ತದೆ, ಎನ್ನುವುದು ನನ್ನ ಯೋಚನೆ. ಅದಕ್ಕೆ ದಪ್ಪ ಕಬ್ಬಿಣದ ಡಬ್ಬದಲ್ಲಿ 2 ಕೆಜಿ ಚಿಪ್ಪು ಒತ್ತಿ ತುಂಬಿ, ಮುಚ್ಚಳ ಹಾಕಿ, ಅಂಚಿಗೆ ಮಣ್ಣು ಮೆತ್ತಿ, ಇದ್ದಿಲಿನ ನಡುವೆ ಇಟ್ಟೆ. ಬ್ಲೋವರ್ ಹಾಕಿದೆ. ಡಬ್ಬದ ಪಕ್ಕದಲ್ಲಿ ಮೀಟರ್ 900 ಮುಟ್ಟಿತು, ಡಬ್ಬ ಕಿತ್ತಳೆ ಬಣ್ಣಕ್ಕೆ ಬಂತು, ಎರಡು ಗಂಟೆ ಹಾಗೇ ಹಿಡಿದೆ. ಮಾರನೇ ದಿನ ಬೆಳಗ್ಗೆ ತೆಗೆದು ತೂಗಿದರೆ 1.7 ಕೆಜಿ. ಪೂರ್ತಿ ಸುಟ್ಟಿದ್ದರೆ 1.12 ಆಗಬೇಕಿತ್ತು. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ಒಡೆದರೆ 56 ಗ್ರಾಂ ಸುಣ್ಣ, 44 ಗ್ರಾಂ ಗ್ಯಾಸ್. ಈ 56 ಎನ್ನುವ ಅಂಕಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟುಕೊಂಡೇ ಕೆಲಸ ಮಾಡಿದ್ದು.

ಶಾಖ ಸಾಲದು ಎಂದುಕೊಂಡು ಇನ್ನೂ ಇದ್ದಿಲು ಸುರಿದೆ. ಸ್ವಲ್ಪ ಸುಧಾರಿಸಿತು, ಆದರೆ ಡಬ್ಬದ ಅಂಚಿನ ಚಿಪ್ಪು ಮಾತ್ರ ಸುಟ್ಟಿತ್ತು, ನಡುವಿನದು ಹಾಗೇ ಇತ್ತು. ಡಬ್ಬದ ಹೊರಗಿನ ಪದರ ಹೆಕ್ಕಳೆ ಹೆಕ್ಕಳೆಯಾಗಿ ಉದುರತೊಡಗಿತು.

ಜಾಲರಿ ಹೇಗಿದೆ ಎಂದು ನೋಡಲು ಬಂದ ಆಚಾರ್ರು ಡಬ್ಬ ನೋಡಿ, "ಇದನ್ನ ಯಾಕೆ ಮುಚ್ಚಿದ್ರಿ? ಚಿಪ್ಪಿನ ಗೂಡು ಯಾರಾದ್ರೂ ಮುಚ್ಚಿ ಸುಡ್ತಾರಾ?" ಅಂದರು. ಬೂದಿ ಸೇರಬಾರದಲ್ಲ ಅಂದೆ. "ಬೂದಿ ಜರಡಿ ಹಿಡಿದ್ರೆ ಹೋಗುತ್ತೆ ಬಿಡಿ."

ಆಮೇಲೆ ಕೂತು ಓದಿದಾಗ ವಿಷಯ ಸ್ಪಷ್ಟವಾಯಿತು. ಚಿಪ್ಪು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ಡಬ್ಬದಲ್ಲೇ ತುಂಬಿ ನಿಂತರೆ, ಸುಮಾರು 900 ಡಿಗ್ರಿ ದಾಟುವವರೆಗೆ ಮುಂದಿನ ಗ್ಯಾಸ್ ಹೊರಡುವುದಿಲ್ಲ. ಹೊಸ ಗಾಳಿ ಹರಿದು ಗ್ಯಾಸನ್ನು ಎಳೆದುಕೊಂಡು ಹೋಗುತ್ತಿದ್ದರೆ ಅದಕ್ಕಿಂತ ಎಷ್ಟೋ ಕೆಳಗೇ ಒಡೆಯಲು ಶುರುವಾಗುತ್ತದೆ. ನನ್ನ ಡಬ್ಬದ ಹೊರಗೆ 900 ಇದ್ದರೂ ಒಳಗೆ ನಡುವಿಗೆ ಅಷ್ಟು ಮುಟ್ಟಿರಲಿಲ್ಲ. ಗ್ಯಾಸ್ ಬೇರೆ ನಿಂತಿತ್ತು. ಆರುವಾಗಲೂ ಅದೇ ಗ್ಯಾಸ್ ಸುತ್ತ ಇದ್ದರೆ ಆಗಲೇ ಆದ ಸುಣ್ಣ ಅದನ್ನು ವಾಪಸ್ ಹೀರಿಕೊಳ್ಳುತ್ತದೆ. ನಾನು ಇದ್ದಿಲು ಹೆಚ್ಚಿಸುತ್ತಾ ಹೋದೆ, ಬೇಕಾಗಿದ್ದು ದಾರಿ.

6. ಪದರ ಪದರ

ಡಬ್ಬ ಎಸೆದೆ. ಜಾಲರಿಯ ಮೇಲೆ ಒಂದು ಗೇಣು ಇದ್ದಿಲು, ಅದರ ಮೇಲೆ ಎರಡು ಬೆರಳು ದಪ್ಪ ಚಿಪ್ಪು, ಮತ್ತೆ ಇದ್ದಿಲು, ಮತ್ತೆ ಚಿಪ್ಪು. ಮೇಲೆ ಬಾಯಿ ಪೂರ್ತಿ ತೆರೆದದ್ದು. ಕರಾವಳಿಯ ಸುಣ್ಣದ ಗೂಡಿನಲ್ಲಿ ಮೊದಲಿಂದ ಮಾಡುವುದು ಇದೇ ತಾನೆ. ನಾನು ಸುತ್ತು ಹೊಡೆದು ಅಲ್ಲಿಗೇ ಬಂದೆ.

ಆದರೆ ಮೊದಲ ಸಲ ಬ್ಲೋವರನ್ನು ಪೂರ್ತಿ ಬಿಟ್ಟುಬಿಟ್ಟೆ. ಮೀಟರ್ 1,180 ತೋರಿಸಿತು, ಕೆಳಗಿನ ಕೆಂಡ ಹಳದಿ ಬಿಳಿಯಾಯಿತು, ನೋಡಲು ಬಹಳ ಚೆಂದ. ತೂಕವೂ ಸರಿಯಾಗಿಯೇ ಇಳಿದಿತ್ತು. ಆದರೆ ಕೆಳಗಿನ ಪದರದ ಸುಣ್ಣ ನೀರಿಗೆ ಹಾಕಿದರೆ ಕಲ್ಲಿನಂತೆ ಕೂತಿತು. ಕೆಲವು ತುಂಡು ಬೂದಿಯ ಜೊತೆ ಸೇರಿ ಗಾಜಿನಂತೆ ಅಂಟಿಕೊಂಡಿತ್ತು. ಅತಿಯಾಗಿ ಸುಟ್ಟರೆ ಸುಣ್ಣದೊಳಗಿನ ಸಣ್ಣ ಸಣ್ಣ ತೂತುಗಳು ಮುಚ್ಚಿ ಗಟ್ಟಿಯಾಗುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಸತ್ತ ಸುಣ್ಣ ಅನ್ನಬಹುದು. ತಕ್ಕಡಿ ಇದನ್ನು ಹಿಡಿಯಲಾರದು, ನೀರೇ ಹೇಳಬೇಕು. ಜಾಲರಿಯ 8 ಎಂಎಂ ಸರಳು ಆವತ್ತೇ ಬಾಗಿದ್ದು. 12 ಎಂಎಂ ಸರಳಿನದ್ದು ಮಾಡಿಸಿದೆ, 600 ರೂಪಾಯಿ.

7. ಏಪ್ರಿಲ್: ಈಗ ಮಾಡುವ ಕ್ರಮ

ಚಿಪ್ಪನ್ನು ಉಪ್ಪು, ಮಾಂಸ ಹೋಗುವಂತೆ ತೊಳೆದು ಕಣದಲ್ಲಿ ಗರಿಗರಿ ಒಣಗಿಸಬೇಕು. ಒದ್ದೆ ಇದ್ದರೆ ಚಟಪಟ ಸಿಡಿದು ಪುಡಿಯಾಗಿ ಗಾಳಿ ದಾರಿ ಕಟ್ಟುತ್ತದೆ. ಮಾರ್ಬಲ್ ಆದರೆ 3 ಸೆಂ.ಮೀ. ಮೀರದ ತುಂಡು. ಮುಷ್ಟಿ ಗಾತ್ರದ್ದು ಹಾಕಿದಾಗ ಹೊರಗೆ ಸುಣ್ಣ, ಒಡೆದು ನೋಡಿದರೆ ಒಳಗೆ ಕಲ್ಲು.

6 ಕೆಜಿ ಚಿಪ್ಪಿಗೆ 8 ಕೆಜಿ ಇದ್ದಿಲು. ಇದ್ದಿಲು ನಮ್ಮದೇ, ಕಿತ್ತ ಹಳೆ ಕಾಫಿ ಬೊಡ್ಡೆಯದ್ದು, ಗಟ್ಟಿಯಾಗಿ ನಿಂತು ಉರಿಯುತ್ತದೆ. ಸಿಲ್ವರ್ ಓಕಿನದು ಬೇಗ ಕರಗಿಹೋಯಿತು. ಲೆಕ್ಕ ಹಾಕಿದರೆ 1 ಕೆಜಿ ಕಲ್ಲನ್ನು ಬಿಸಿ ಮಾಡಿ ಒಡೆಯಲು ಬೇಕಾದ ಶಾಖ ಸುಮಾರು 100 ಗ್ರಾಂ ಇದ್ದಿಲಿನಲ್ಲೇ ಇದೆ. ನಾನು ಸುಡುತ್ತಿರುವುದು ಅದರ ಹತ್ತು ಪಟ್ಟಿಗೂ ಜಾಸ್ತಿ. ಉಳಿದದ್ದೆಲ್ಲ ತೆರೆದ ಬಾಯಿಂದ ಆಕಾಶಕ್ಕೆ. ಇದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇನೆ.

ಬ್ಲೋವರ್ ಬಾಯಿಗೆ ತಗಡು ಅಡ್ಡ ಹಿಡಿದು ಅರ್ಧ ಗಾಳಿ ಮಾತ್ರ. ಮೀಟರ್ 900ರಿಂದ 1,000ದ ನಡುವೆ ಇರಬೇಕು, 1,050 ದಾಟಿದರೆ ತಗಡು ಇನ್ನಷ್ಟು ಮುಚ್ಚುತ್ತೇನೆ. ಮೂರು ಗಂಟೆ ಹೀಗೆ ಹಿಡಿದು, ಬ್ಲೋವರ್ ನಿಲ್ಲಿಸಿ, ರಾತ್ರಿ ಆರಲು ಬಿಡುವುದು. ಮೇಲೆ ಹಳೆ ತಗಡು ಓರೆಯಾಗಿ, ಇಬ್ಬನಿ ಬೀಳದಂತೆ, ಆದರೆ ಬಾಯಿ ಮುಚ್ಚದಂತೆ.

ಕಣ ಬಯಲು ಜಾಗ, ಅದಕ್ಕೇ ಅಲ್ಲಿ ಕಟ್ಟಿದ್ದು. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ವಾಸನೆ ಇಲ್ಲ. ಚಿಪ್ಪಿನ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಗೋಡೌನ್ ಒಳಗೆ, ಶೆಡ್ಡಿನ ಕೆಳಗೆ ಮಾಡುವ ಕೆಲಸ ಖಂಡಿತ ಅಲ್ಲ.

ಬೆಳಗ್ಗೆ ಜರಡಿ ಹಿಡಿದು ತೂಗುತ್ತೇನೆ. 6 ಕೆಜಿಗೆ ಲೆಕ್ಕದಂತೆ 3.36. ಸಿಗುವುದು 3.2ರಿಂದ 3.4. 3.5 ದಾಟಿದರೆ ಸುಡದ ತುಂಡು ಉಳಿದಿದೆ ಎಂದು ತಿಳಿದು ಹುಡುಕುತ್ತೇನೆ. ಕೈಗೆತ್ತಿದರೆ ಗೊತ್ತಾಗುತ್ತದೆ, ಸುಟ್ಟದ್ದು ಹಗುರ, ಉಗುರಿಗೆ ಪುಡಿಯಾಗುತ್ತದೆ. ಬರಿಗೈಯಲ್ಲಿ ಜಾಸ್ತಿ ಹೊತ್ತು ಆಡಬೇಡಿ, ಬೆವರು ಇದ್ದರೆ ಚರ್ಮ ಸುಡುತ್ತದೆ.

ಈಗ ಆ ಮಂಕು ಮಾರ್ಬಲ್. 1 ಕೆಜಿ ಸುಟ್ಟಾಗ 530 ಗ್ರಾಂ ಉಳಿಯಿತು. 560ಕ್ಕಿಂತ ಕಮ್ಮಿ ಹೇಗೆ? ತಕ್ಕಡಿ ಕೆಟ್ಟಿತೇ ಎಂದು ಅಕ್ಕಿ ಪ್ಯಾಕೆಟ್ ಇಟ್ಟು ನೋಡಿದೆ, ಸರಿಯಿತ್ತು. ಅದು ಡಾಲಮೈಟ್ ಮಾರ್ಬಲ್, ಮೆಗ್ನೀಷಿಯಂ ಸೇರಿದ್ದು. ಮೆಗ್ನೀಷಿಯಂ ಹಗುರ, ಹಾಗಾಗಿ ಅದೇ ತೂಕದ ಕಲ್ಲಿನಲ್ಲಿ ಗ್ಯಾಸ್ ಪಾಲು ಹೆಚ್ಚು, ಶುದ್ಧ ಡಾಲಮೈಟ್‌ನಲ್ಲಿ 100ಕ್ಕೆ ಸುಮಾರು 48 ಗ್ರಾಂ ಹೋಗುತ್ತದೆ. ಕಾಫಿ ಬುಡದ ಹುಳಿ ತೆಗೆಯಲು ಹಾಕುವ ಡಾಲಮೈಟ್ ಪುಡಿ ಇದೇ ಕಲ್ಲಿನದು. ಮೆಗ್ನೀಷಿಯಂ ಭಾಗ ಮೊದಲೇ ಒಡೆದು, ಕ್ಯಾಲ್ಸಿಯಂ ಸುಡುವಷ್ಟರಲ್ಲಿ ಅತಿಯಾಗಿ ಬೆಂದಿರುತ್ತದೆ, ಆಮೇಲೆ ನೀರಿಗೆ ಬಹಳ ನಿಧಾನ. ಆ ಸುಣ್ಣ ಕೊಟ್ಟಿಗೆ ಗೋಡೆಗೆ ಬಳಿದದ್ದು ಈಗ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಬೋರ್ಡೋಗೆ ಬಳಸಲಿಲ್ಲ.

8. ಅರಳಿಸುವುದು, ಹೊಡೆಯುವುದು

ಸುಟ್ಟ ಸುಣ್ಣ ನೀರು ಕುಡಿದು ಪುಡಿಯಾಗಿ ಅರಳುವಾಗ ಬಿಸಿ ಏಳುತ್ತದೆ, ಆ ಬಿಸಿಗೆ ಪ್ಲಾಸ್ಟಿಕ್ ಬಕೆಟ್ಟು ಮೆತ್ತಗಾಗಿ ಸೊಟ್ಟಗಾಯಿತು. ಈಗ ಕಬ್ಬಿಣದ ಬಾಂಡ್ಲಿ. ಮೊದಲು ನೀರು, ಆಮೇಲೆ ಸುಣ್ಣ ಸ್ವಲ್ಪ ಸ್ವಲ್ಪವಾಗಿ. ಸುಣ್ಣದ ರಾಶಿಯ ಮೇಲೆ ಚೊಂಬಿನಲ್ಲಿ ನೀರು ಸುರಿದರೆ ಕುದಿದು ಮುಖಕ್ಕೆ ಎಗರುತ್ತದೆ. ಕನ್ನಡಕ, ಗ್ಲೌಸ್, ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಇರಲೇಬೇಕು. ಕಣ್ಣಿಗೆ ಬಿದ್ದರೆ ಉಜ್ಜದೆ ಕಾಲು ಗಂಟೆಗೂ ಹೆಚ್ಚು ನೀರು ಬಿಟ್ಟು ತೊಳೆದು ಸೀದಾ ಆಸ್ಪತ್ರೆಗೆ. 1 ಕೆಜಿ ಸುಣ್ಣ ಅರಳಲು 320 ಗ್ರಾಂ ನೀರು ಸಾಕು ಎಂದು ಲೆಕ್ಕ ಹೇಳುತ್ತದೆ, ಆದರೆ ಅರ್ಧ ಆವಿಯಾಗಿ ಹೋಗುತ್ತದೆ, ನಮಗೆ ಬೇಕಾದದ್ದು ತೆಳು ಹಾಲು, ಹಾಗಾಗಿ ಧಾರಾಳವಾಗಿ ಹಾಕಿ.

ತಣ್ಣಗಾದ ಮೇಲೆ ಬಟ್ಟೆಯಲ್ಲಿ ಎರಡು ಸಲ ಸೋಸಿ, ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿದ ಮೈಲುತುತ್ತವನ್ನು ಸುಣ್ಣದ ಹಾಲಿಗೆ ಕಲಕುತ್ತಾ ಸುರಿದೆ. ಆಕಾಶ ನೀಲಿ ಬಂತು. ಚಾಕು ಅದ್ದಿ ತೆಗೆದೆ, ಕೆಂಪಿಲ್ಲ. ನಾಝಲ್ ಒಂದೇ ಒಂದು ಸಲ ಕಟ್ಟಿತು, ಅದೂ ಹಳೆ ಕಸಕ್ಕೆ. ಕಲಸಿದ್ದನ್ನು ಆವತ್ತೇ ಹೊಡೆದು ಮುಗಿಸಬೇಕು, ಮಾರನೇ ದಿನಕ್ಕೆ ಉಳಿಸಿದರೆ ಗಸಿಯಾಗಿ ಕೂರುತ್ತದೆ.

ಉಳಿದ ಸುಟ್ಟ ಸುಣ್ಣವನ್ನು ಸ್ಟೀಲ್ ಡಬ್ಬದಲ್ಲಿ, ಮುಚ್ಚಳಕ್ಕೆ ಟೇಪ್ ಸುತ್ತಿ ಇಟ್ಟಿದ್ದೇನೆ. ಪರೀಕ್ಷೆಗೆಂದು ಒಂದು ತಟ್ಟೆಯಲ್ಲಿ ತೆರೆದಿಟ್ಟದ್ದು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದ ವಾರದಲ್ಲಿ ತಾನಾಗಿ ಅರಳಿ ಪುಡಿಯಾಯಿತು, ಮೇ ಹೊತ್ತಿಗೆ ಆ್ಯಸಿಡ್‌ಗೆ ನೊರೆ ಕೊಡಲು ಶುರು ಮಾಡಿತು. ಗೋಣಿಚೀಲದಲ್ಲಿ ಕಟ್ಟಿ ಇಟ್ಟರೆ ಹಿಗ್ಗಿ ಹೊಲಿಗೆ ಬಿಚ್ಚುತ್ತದೆ, ಒದ್ದೆಯಾದರೆ ಪಕ್ಕದ ಒಣ ಹುಲ್ಲಿಗೆ ಬೆಂಕಿ ಹತ್ತುವಷ್ಟು ಬಿಸಿಯೂ ಏಳಬಹುದು.

ಖರ್ಚು

ಡ್ರಮ್ಮು 900, ಇಟ್ಟಿಗೆ 1,625, ಜಾಲರಿ 600 (ಬಾಗಿದ ಹಳೆಯದಕ್ಕೆ ಆಚಾರ್ರು ದುಡ್ಡು ತೆಗೆದುಕೊಳ್ಳಲಿಲ್ಲ), ಬ್ಲೋವರ್ 1,400, ಮೀಟರ್ 1,150, ತಕ್ಕಡಿ 450, ಆ್ಯಸಿಡ್ 60, ಚಿಪ್ಪು ತಂದ ಗಾಡಿಗೆ 250. ಒಟ್ಟು 6,435. ಇದ್ದಿಲಿಗೂ ಕೂಲಿಗೂ ಲೆಕ್ಕ ಹಾಕಿಲ್ಲ, ಹಾಕಿದರೆ ಅಂಗಡಿಯ ಸುಣ್ಣವೇ ಅಗ್ಗ. ಹೊಸ ಚೀಲ ಸಿಗುವವರು, ಆ್ಯಸಿಡ್ ಹನಿ ಬಿಟ್ಟು ನೋಡಿ ಕೊಳ್ಳುವವರು ಇಷ್ಟೆಲ್ಲ ಕಷ್ಟಪಡಬೇಕಿಲ್ಲ.

ಬಾಕಿ ಇರುವ ಕೆಲಸ: ಮೇಲೆ 4 ಅಡಿ ಚಿಮಣಿ ಏರಿಸಿ ಬ್ಲೋವರ್ ಇಲ್ಲದೆ ಎಳೆತ ಬರುತ್ತದೆಯೇ ನೋಡಬೇಕು, ಕರೆಂಟ್ ಹೋದಾಗಲೆಲ್ಲ ಮೀಟರ್ 700ಕ್ಕೆ ಇಳಿದುಬಿಡುತ್ತದೆ. ಕೆಳಗಿನ ಸುತ್ತಿನಲ್ಲಿ ಎರಡು ಇಟ್ಟಿಗೆ ಬಿರುಕು ಬಿಟ್ಟಿವೆ, ಉಳಿದ ಮೂರರಲ್ಲಿ ಅವನ್ನು ಬದಲಿಸಬೇಕು. ಮಳೆ ಹಿಡಿಯುವ ಮೊದಲು ಗೂಡಿನ ಮೇಲೆ ಟಾರ್ಪಾಲ್ ಕಟ್ಟಬೇಕು.